ಆಟದಲ್ಲಿ ಉಳಿದ ಸಾಲ

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಅದರ ಬುಡದ ಬಯಲಿನಲ್ಲಿ ನಾನೂ ಅಣ್ಣನೂ ಮಗ್ರಿಬ್ ಅಝಾನ್ ಕೇಳುವವರೆಗೆ ಚಿಣ್ಣಿದಾಂಡು ಆಡುತ್ತಿದ್ದೆವು. ಒಂದು ಸಂಜೆ ನಾನು ಹೊಡೆದ ಚಿಣ್ಣಿ ನೆರೆಮನೆಯ ಅಜ್ಜಿಯ ನೀರಿನ ಕೊಡವನ್ನು ಒಡೆಯಿತು. ಅಣ್ಣ 'ನಾನೇ ಹೊಡೆದೆ' ಎಂದು ಮುಂದೆ ಬಂದು ಅಬ್ಬಾರ ಏಟು ತಿಂದ. ನಾನು ಬಾಗಿಲ ಮರೆಯಲ್ಲಿ ಸುಮ್ಮನೆ ನಿಂತಿದ್ದೆ.

ಪ್ರಾಯಕ್ಕೆ ಬರುವವರೆಗೆ ಮಗುವಿನ ಪಾಪ ಬರೆಯಲ್ಪಡುವುದಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಮಗು ಮಾಡಿದ ನಷ್ಟವನ್ನು ತುಂಬಿಕೊಡಬೇಕೆಂದು ಮದ್ರಸದಲ್ಲಿ ಫಿಕ್ಹ್ ಓದುವಾಗ ತಿಳಿಯಿತು. ಒಡೆದ ಕೊಡದ ಬೆಲೆಯನ್ನು ಅಬ್ಬಾ ಅಂದೇ ತೆತ್ತಿದ್ದರು. ಅಣ್ಣನ ಏಟಿಗೆ ಬೆಲೆ ತೆತ್ತವರು ಯಾರು? ಅಂದಿನ ಮೌನ ಮಗುವಿನದು. ಪ್ರಾಯಕ್ಕೆ ಬಂದ ಮೇಲೂ ಮುಂದುವರಿಸಿದ ಮೌನ ನನ್ನದು.

ಪ್ರವಾದಿ ಯೂಸುಫ್(ಅ)ರನ್ನು ಸಹೋದರರು ಆಟದ ನೆಪದಲ್ಲೇ ಮನೆಯಿಂದ ಕರೆದೊಯ್ದರು. ಅವರಿಗೆ ಕ್ಷಮೆ ದೊರೆತದ್ದು ವರ್ಷಗಳು ಕಳೆದುದರಿಂದಲ್ಲ, ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ.

ಕಳೆದ ಈದ್‌ಗೆ ಅಣ್ಣ ಬೆಂಗಳೂರಿನಿಂದ ಊರಿಗೆ ಬಂದಾಗ ಹೇಳಿ ಕ್ಷಮೆ ಕೇಳಿದೆ. ಅವನು ನಕ್ಕು, 'ನಾ ಅವತ್ತೇ ಮಾಫ್ ಮಾಡೀನಿ. ಇಷ್ಟು ವರ್ಷ ನೀ ಯಾಕ ಹೊತ್ತುಕೊಂಡಿದ್ದಿ?' ಎಂದ.

ಸಹೋದರ ಸಹೋದರಿಯರೇ, ಒಡಹುಟ್ಟಿದವರ ಇಂಥ ಸಾಲ ನಿಮ್ಮಲ್ಲೂ ಉಳಿದಿದ್ದರೆ, ಅವರು ಬದುಕಿರುವಾಗಲೇ ತೀರಿಸಿರಿ.