ಕರಸ್ಥಲದ ಲಿಂಗವೂ ಮಣಿಕಟ್ಟಿನ ನಾಡಿಯೂ

ಕುರುಗೋಡಿನ ಸದ್ಭಕ್ತರೊಬ್ಬರು ಕಳೆದ ಬೇಸಗೆಯಲ್ಲಿ ದೊಡ್ಡಬಸವೇಶ್ವರನ ದರ್ಶನ ಮುಗಿಸಿ ಬಂದು ಕುಳಿತಾಗ ನಮ್ಮನ್ನು ಹೀಗೆ ಕೇಳಿದರು: “ಶರಣರೆ, ಅಂಗದ ಮೇಲೆ ಲಿಂಗವನ್ನು ಧರಿಸಿದವನು ದಿನಕ್ಕೆ ಹತ್ತು ಸಲ ತನ್ನ ನಾಡಿಯನ್ನು ಎಣಿಸಿಕೊಳ್ಳುತ್ತಿದ್ದರೆ, ಅದು ಲಿಂಗದಲ್ಲಿ ಅವಿಶ್ವಾಸವಾದಂತಲ್ಲವೆ?”

ಕೇಳಿದವರು ನಿವೃತ್ತ ಉಪಾಧ್ಯಾಯರು. ಅವರ ತಮ್ಮನು ಹಿಂದಿನ ವರ್ಷ ಮೆಣಸಿನಕಾಯಿಯ ಹೊಲದಲ್ಲಿಯೇ ಎದೆ ಹಿಡಿದುಕೊಂಡು ಕುಸಿದು ಲಿಂಗೈಕ್ಯನಾಗಿದ್ದನು. ಅಂದಿನಿಂದ ಇವರ ಎಡಗೈಗೆ ನಾಡಿಮಿಡಿತವನ್ನು ತೋರಿಸುವ ಗಡಿಯಾರವೊಂದು ಬಂದಿತ್ತು. ಬೆಂಗಳೂರಿನ ಮಗನು ಕಳುಹಿಸಿದ್ದು. ಆದುದರಿಂದ ಆ ಪ್ರಶ್ನೆಯು ಬರಿಯ ಜಿಜ್ಞಾಸೆಯಾಗಿರಲಿಲ್ಲ.

ಈ ಭಯವು ಅವರೊಬ್ಬರದೂ ಅಲ್ಲ. 2020-21ರ ಕೋವಿಡ್ ಪಿಡುಗಿನಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಎಷ್ಟೋ ಮನೆಗಳನ್ನು ಹೊಕ್ಕಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು 46ನೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ಅಗಲಿದಾಗ ನಾಡಿಗೆ ನಾಡೇ ತಲ್ಲಣಿಸಿತು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹರಡಿದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಜನ ಸಾಲುಗಟ್ಟಿದರು. ತನ್ನ ಎದೆಯ ಬಡಿತವನ್ನು ತಾನೇ ಆಲಿಸುತ್ತ ನಿದ್ರೆಗೆಡುವವರು ಇಂದು ಊರೂರಿನಲ್ಲಿದ್ದಾರೆ.

ಮೊದಲು ಉಪಾಧ್ಯಾಯರ ಪ್ರಶ್ನೆಗೆ ನೇರವಾದ ಉತ್ತರವನ್ನು ಹೇಳೋಣ. ನಾಡಿಯನ್ನು ನೋಡಿಕೊಳ್ಳುವುದು ಅವಿಶ್ವಾಸವಲ್ಲ. ಕಾಯವನ್ನೇ ಶಿವಾಲಯವಾಗಿ ಕಂಡ ಬಸವಣ್ಣನವರ ಮತದಲ್ಲಿ ಕಾಯವನ್ನು ಅಲಕ್ಷಿಸುವುದು ಭಕ್ತಿಯಾಗಲಾರದು. ಶರಣಗಣದಲ್ಲಿ ವೈದ್ಯ ಸಂಗಣ್ಣನೂ ಇದ್ದನು. ವೈದ್ಯವೇ ಅವನ ಕಾಯಕವಾಗಿತ್ತು. ಚಿಕಿತ್ಸೆಯು ನಂಬಿಗೆಗೆ ವಿರುದ್ಧವಾಗಿದ್ದರೆ ಅದು ಕಾಯಕವೆನಿಸುತ್ತಿತ್ತೆ? “ಲಿಂಗವಿದೆ, ಏನೂ ಆಗದು” ಎಂದು ಎದೆನೋವನ್ನು ನುಂಗಿಕೊಂಡು ಕೂಡುವವನು ಲಿಂಗವನ್ನು ನಂಬಿದವನಲ್ಲ, ತನ್ನ ಸೋಮಾರಿತನಕ್ಕೆ ಲಿಂಗವನ್ನು ಹೊಣೆ ಮಾಡಿದವನು.

ಆದರೆ ನೋಡುವುದಕ್ಕೂ ಒಂದು ಕ್ರಮವುಂಟು. ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳುಗಳನ್ನಿಟ್ಟು ಒಂದು ನಿಮಿಷ ಎಣಿಸಬೇಕು. ಹೆಬ್ಬೆರಳಿನಿಂದ ಎಣಿಸಲಾಗದು, ಅದಕ್ಕೆ ತನ್ನದೇ ಮಿಡಿತವುಂಟು. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 60ರಿಂದ 100ರವರೆಗೆ ಸಹಜವೆಂದು ವೈದ್ಯರು ಹೇಳುತ್ತಾರೆ. ಬಳ್ಳಾರಿಯ ಬಿಸಿಲಿನಲ್ಲಿ ನಡೆದು ಬಂದರೆ, ನೀರು ಕಡಿಮೆಯಾದರೆ, ಜ್ವರ ಬಂದರೆ ಅದು ಏರುತ್ತದೆ, ನಿದ್ರೆಯಲ್ಲಿ ಇಳಿಯುತ್ತದೆ. ಗಡಿಯಾರವಾದರೋ ಚರ್ಮದ ಮೇಲೆ ಬೆಳಕನ್ನು ಹಾಯಿಸಿ ರಕ್ತದ ಏರಿಳಿತವನ್ನು ಊಹಿಸುವ ಯಂತ್ರ. ಪಟ್ಟಿ ಸಡಿಲವಾದರೆ, ಕೈ ಅಲುಗಿದರೆ ತಪ್ಪು ತೋರಿಸೀತು. ಇನ್ನು ಭಯವೂ ಮಿಡಿತವನ್ನು ಏರಿಸುತ್ತದೆ. ಅಂಜಿ ನೋಡಿದರೆ ಅಂಕಿ ಏರುತ್ತದೆ. ಏರಿದ್ದನ್ನು ಕಂಡು ಅಂಜಿಕೆ ಇಮ್ಮಡಿಸುತ್ತದೆ.

ಉಪಾಧ್ಯಾಯರು ಈ ಸುಳಿಗೆ ಸಿಕ್ಕಿದ್ದರು. ಪೂಜೆಯ ವೇಳೆ ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸಿದಾಗಲೂ, ನಾಲ್ಕು ಅಂಗುಲ ಕೆಳಗಿದ್ದ ಗಡಿಯಾರದತ್ತ ಕಣ್ಣು ಜಾರುತ್ತಿತ್ತೆಂದು ಅವರೇ ನಾಚಿ ಹೇಳಿದರು. ದೋಷವಿರುವುದು ಇಲ್ಲಿಯೇ. ಲಿಂಗದಲ್ಲಿ ಅರಸಬೇಕಾದ ಅಭಯವನ್ನು ಅವರು ಅಂಕಿಯಲ್ಲಿ ಅರಸುತ್ತಿದ್ದರು. ಅಂಕಿಯು ಆ ಅಭಯವನ್ನು ಕೊಡಲಾರದು. ಮುಂದಿನ ನಿಮಿಷಕ್ಕೆ ಮತ್ತೆ ನೋಡಬೇಕಾಗುತ್ತದೆ.

ಅಂಕಿಯ ಅಭಯ ಎಷ್ಟು ಪೊಳ್ಳೆಂಬುದು ಶ್ರಾವಣದಲ್ಲಿ ತಿಳಿದುಬಂದಿತು. ಒಂದು ಬೆಳಗ್ಗೆ ಅವರ ಎದೆ ಬಿಗಿಯಿತು, ಮೈ ಬೆವರಿತು. ಗಡಿಯಾರವನ್ನು ನೋಡಿದರು, 78. “ಎಲ್ಲ ಸರಿಯಾಗಿದೆ” ಎಂದು ಒರಗಿಕೊಂಡರು. ಅವರ ಧರ್ಮಪತ್ನಿಯು ಗಡಿಯಾರವನ್ನು ನೋಡಲಿಲ್ಲ, ಮುಖವನ್ನು ನೋಡಿದರು. “ಅದು ಏನಾದರೂ ಹೇಳಲಿ, ನಿಮ್ಮ ಮುಖ ಬಿಳಿಚಿದೆ, ಏಳಿ” ಎಂದು ಆಸ್ಪತ್ರೆಗೆ ಹೊರಡಿಸಿದರು. ಇ.ಸಿ.ಜಿ. ಪರೀಕ್ಷೆಯಲ್ಲಿ ಹೃದಯಾಘಾತದ ಚಿಹ್ನೆ ಕಂಡಿತು. ಸಕಾಲದಲ್ಲಿ ಚಿಕಿತ್ಸೆಯಾಗಿ ಬದುಕಿ ಬಂದರು. ಮಿಡಿತದ ಸಂಖ್ಯೆ ಸಹಜವಾಗಿದ್ದರೂ ರಕ್ತನಾಳವು ಮುಚ್ಚಿಕೊಂಡಿರಬಹುದು. ಎದೆಯ ಬಿಗಿತ, ತೋಳಿಗೆ ಅಥವಾ ದವಡೆಗೆ ಹಬ್ಬುವ ನೋವು, ತಣ್ಣನೆಯ ಬೆವರು, ಉಬ್ಬಸ ಕಂಡಾಗ ಎಣಿಸುತ್ತ ಕೂಡದೆ 108ಕ್ಕೆ ಕರೆಮಾಡಬೇಕೆಂಬುದನ್ನು ಪ್ರತಿಯೊಂದು ಮನೆಯೂ ಅರಿತಿರತಕ್ಕದ್ದು.

ಷಟ್‌ಸ್ಥಲದಲ್ಲಿ ನಾಲ್ಕನೆಯದು ಪ್ರಾಣಲಿಂಗಿಸ್ಥಲ. ಪ್ರಾಣವು ತನ್ನ ಸೊತ್ತೆಂಬ ಭಾವವು ಅಲ್ಲಿ ಕರಗಿ, ಪ್ರಾಣವೇ ಲಿಂಗವೆಂಬ ಅರಿವು ಮೂಡಬೇಕು. ತನ್ನ ಸೊತ್ತೆಂದು ಬಗೆದವನು ಕಳ್ಳನಿಗೆ ಹೆದರಿ ಇರುಳೆಲ್ಲ ಕಾವಲು ಕೂಡುತ್ತಾನೆ. ಲಿಂಗದ ಸೊತ್ತೆಂದು ಬಗೆದವನು ಅದನ್ನು ಜೋಪಾನ ಮಾಡುತ್ತಾನೆ; ಒಡೆಯನು ಕೇಳಿದ ದಿನ ಒಪ್ಪಿಸುತ್ತಾನೆ. ಕಾವಲಿಗೂ ಜೋಪಾನಕ್ಕೂ ಇರುವ ಅಂತರವೇ ಉಪಾಧ್ಯಾಯರ ಪ್ರಶ್ನೆಗೆ ಪೂರ್ಣವಾದ ಉತ್ತರ. ಈಗ ಏನು ಮಾಡಬೇಕೆಂಬುದಕ್ಕೆ ಅಂಕಿಯು ಕೆಲಮಟ್ಟಿಗೆ ನೆರವಾದೀತು. ಎಷ್ಟು ದಿನ ಬದುಕುವೆನೆಂಬುದನ್ನು ಅದು ಹೇಳದು, ಹೇಗೆ ಬದುಕಬೇಕೆಂಬುದನ್ನಂತೂ ಹೇಳಲಾರದು.

ಈಗ ಅವರು ಬೆಳಗ್ಗೆ ಒಂದು ಸಲ, ವೈದ್ಯರು ಹೇಳಿದಂತೆ, ನಾಡಿಯನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಾರೆ, ಗುಳಿಗೆಯನ್ನು ತಪ್ಪಿಸುವುದಿಲ್ಲ. ಗಡಿಯಾರವನ್ನು ಬಿಚ್ಚಿ ಗೂಡಿನಲ್ಲಿಟ್ಟು ಪೂಜೆಗೆ ಕೂಡುತ್ತಾರೆ. ತಮ್ಮನ ಮಕ್ಕಳಿಗೆ ಸಂಜೆ ಪಾಠ ಹೇಳುವುದನ್ನು ಮತ್ತೆ ಹಿಡಿದಿದ್ದಾರೆ. ಭಯದ ದಿನಗಳಲ್ಲಿ ಆ ಮಕ್ಕಳ ನೆನಪೇ ತಮಗೆ ಬರುತ್ತಿರಲಿಲ್ಲವೆಂದು ಅವರು ಹೇಳಿದಾಗ ನಮಗೆ ಕಣ್ಣು ತುಂಬಿತು. ಎದೆಯು ಇನ್ನೆಷ್ಟು ಸಲ ಬಡಿಯುವುದೋ ಬಲ್ಲವರಾರು? ಬಡಿಯುವಷ್ಟು ಕಾಲ ಅದು ಕಾಯಕಕ್ಕೂ ದಾಸೋಹಕ್ಕೂ ಸಲ್ಲಲಿ.