ಎರಡನೆಯ ಕುರ್ಚಿಯ ಸ್ವರ



ಸ್ಯಾಕ್ಸೊಫೋನ್ ಎಂದೊಡನೆ ನಮಗೆ ನೆನಪಾಗುವವರು ಕದ್ರಿ ಗೋಪಾಲನಾಥರು. 2019ರಲ್ಲಿ ನಮ್ಮನ್ನಗಲಿದ ಆ ಮಹಾನ್ ಕಲಾವಿದರು ಈ ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, ಕಚೇರಿಯ ವೇದಿಕೆಯ ನಡುವೆ ಕುಳ್ಳಿರಿಸಿದರು. ಆದರೆ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ರೂಪಿಸಿ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯಕ್ಕೆ ಇನ್ನೊಂದು ಬಾಳೂ ಉಂಟು. ಅಲ್ಲಿ ಅದು ಒಂಟಿಯಾಗಿ ಅಲ್ಲ, ಸಾಲಿನಲ್ಲಿ ಕೂರುತ್ತದೆ.

ಅಮೆರಿಕದಲ್ಲಿ 1930ರ ದಶಕದಲ್ಲಿ ಮನೆಮಾತಾದ ದೊಡ್ಡ ಜಾಝ್ ವಾದ್ಯವೃಂದಕ್ಕೆ ‘ಬಿಗ್ ಬ್ಯಾಂಡ್’ ಎಂದು ಹೆಸರು. ಇಂದಿಗೂ ಅಲ್ಲಿನ ಅನೇಕ ಊರುಗಳಲ್ಲಿ ಊರವರೇ ಸೇರಿ ನಡೆಸುವ ಇಂತಹ ವೃಂದಗಳಿವೆ. ಹಗಲಿಡೀ ದುಡಿದ ಶಿಕ್ಷಕರು, ದಾದಿಯರು, ಗುಮಾಸ್ತರು, ನಿವೃತ್ತರು ಸಂಜೆ ಒಟ್ಟುಗೂಡಿ ಸಂಬಳವಿಲ್ಲದೆ ಅಭ್ಯಾಸ ಮಾಡುತ್ತಾರೆ. ಸಾಮಾನ್ಯವಾಗಿ ಮುಂದಿನ ಸಾಲಿನಲ್ಲಿ 5 ಸ್ಯಾಕ್ಸೊಫೋನ್‌ಗಳು: 2 ಆಲ್ಟೊ, 2 ಟೆನರ್, 1 ಬ್ಯಾರಿಟೋನ್. ಮೊದಲ ಆಲ್ಟೊ ಸಾಲನ್ನು ಮುನ್ನಡೆಸುತ್ತದೆ. ಅದು ಉಸಿರೆಳೆದಲ್ಲೇ ಉಳಿದ ನಾಲ್ವರೂ ಉಸಿರೆಳೆಯಬೇಕು.

ಎರಡನೆಯ ಆಲ್ಟೊ ನುಡಿಸುವವರ ಪಾಡನ್ನು ಗಮನಿಸಿ. ಅವರಿಗೆ ಸಿಗುವುದು ಹೆಚ್ಚಾಗಿ ಒಳಗಿನ ಸ್ವರಗಳು. ಕೆಲವೆಡೆ ಒಂದೇ ಸ್ವರ ಮತ್ತೆ ಮತ್ತೆ. ಕೆಲವೆಡೆ ವಾದ್ಯವನ್ನು ಮಡಿಲಲ್ಲಿಟ್ಟು ತಾಳ ಎಣಿಸುತ್ತ ಕೂರುವುದು. ಮನೆಯಲ್ಲಿ ಒಬ್ಬರೇ ನುಡಿಸಿದರೆ ಅದು ಯಾವ ಹಾಡೆಂದು ಪಕ್ಕದ ಮನೆಯವರಿಗೂ ತಿಳಿಯದು. ಆದರೆ ಆ ಕುರ್ಚಿ ಖಾಲಿಯಾದ ದಿನ ಇಡೀ ಹಾಡು ತೆಳುವಾಗುತ್ತದೆ.

ಪ್ರಿಯರೇ, ನಮ್ಮ ಮನೆಗಳಲ್ಲೂ ಇಂತಹ ಸ್ವರಗಳಿಲ್ಲವೇ? ಹಾಸಿಗೆ ಹಿಡಿದ ಅತ್ತೆಯ ಆರೈಕೆಯಲ್ಲಿ ವರುಷಗಳನ್ನು ಕಳೆದ ಸೊಸೆ. ತಮ್ಮ ತಂಗಿಯರನ್ನು ಓದಿಸಿ ದಡ ಸೇರಿಸುವಷ್ಟರಲ್ಲಿ ತನ್ನ ವಯಸ್ಸು ದಾಟಿಸಿಕೊಂಡ ಅಕ್ಕ. ‘ಎಲ್ಲರ ಬಾಳೂ ಹಾಡಾಯಿತು, ನನ್ನದೇನಾಯಿತು?’ ಎಂದು ಅವರು ಕೇಳಿಕೊಂಡರೆ ಆಶ್ಚರ್ಯವಿಲ್ಲ. ಅವರ ಸ್ವರವನ್ನಷ್ಟೇ ಬೇರ್ಪಡಿಸಿ ಕೇಳಿದರೆ ಹಾಡು ಕಾಣದು. ಪೂರ್ಣ ಹಾಡನ್ನು ಕೇಳುವ ಕಿವಿ ದೇವರದು. ಅಲ್ಲಿ ಅವರ ಒಂದು ಸ್ವರವೂ ವ್ಯರ್ಥವಾಗಿಲ್ಲ.

ಡ್ಯೂಕ್ ಎಲಿಂಗ್ಟನ್‌ರ ಪ್ರಸಿದ್ಧ ವೃಂದದಲ್ಲಿ ಹ್ಯಾರಿ ಕಾರ್ನಿ ಎಂಬವರಿದ್ದರು. 1927ರಲ್ಲಿ, 17ನೇ ವಯಸ್ಸಿನಲ್ಲಿ ಸೇರಿದವರು 1974ರಲ್ಲಿ ಎಲಿಂಗ್ಟನ್ ತೀರಿಕೊಳ್ಳುವವರೆಗೂ ಬಿಟ್ಟು ಹೋಗಲಿಲ್ಲ. ಅವರದು ಬ್ಯಾರಿಟೋನ್, ಸಾಲಿನ ಅತ್ಯಂತ ತಗ್ಗಿನ ದನಿ. ಉಳಿದವರ ಸ್ವರಗಳಿಗೆ ಅದು ತಳಪಾಯ.

ಆದರೆ ಇಷ್ಟನ್ನೇ ಹೇಳಿ, ‘ತಾಳ್ಮೆಯಿಂದಿರಿ’ ಎಂದು ಎರಡನೆಯ ಕುರ್ಚಿಯವರಿಗೆ ಬುದ್ಧಿ ಹೇಳಿ ಮುಗಿಸಿದರೆ ಅದು ಅನ್ಯಾಯವಾದೀತು. ಒಳ್ಳೆಯ ವೃಂದದಲ್ಲಿ ಒಬ್ಬರು ಏಕವಾದನಕ್ಕೆ ಎದ್ದು ನಿಂತಾಗ ಉಳಿದವರು ತಮ್ಮ ದನಿ ತಗ್ಗಿಸುತ್ತಾರೆ. ತಾನೇ ಜೋರಾಗಿ ಊದುತ್ತ ಪಕ್ಕದವರ ಸ್ವರಕ್ಕೆ ಕಿವಿಗೊಡದ ಮುಂದಾಳು ಎಷ್ಟೇ ನಿಪುಣನಿರಲಿ, ವೃಂದವನ್ನು ಕೆಡಿಸುತ್ತಾನೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯವನ್ನು ತೆರೆದು ನೋಡಿ. ದೇಹದಲ್ಲಿ ಬಲಹೀನವೆಂದು ತೋರುವ ಅಂಗಗಳೇ ಅತ್ಯಗತ್ಯವೆಂದು ಹೇಳಿ ಅವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಗೌರವ ಕಡಿಮೆಯಾದ ಅಂಗಕ್ಕೆ ದೇವರು ಹೆಚ್ಚಿನ ಗೌರವವಿತ್ತಿದ್ದಾರೆ, ಒಂದು ಅಂಗ ನೊಂದರೆ ಎಲ್ಲವೂ ನೋಯುತ್ತವೆ ಎಂದು ಎಚ್ಚರಿಸುತ್ತಾರೆ. ಹಾಗಾದರೆ ಮನೆಯ ಯಜಮಾನರೇ, ಗಾನವೃಂದದ ಮುಂದಾಳುಗಳೇ, ಧರ್ಮಕೇಂದ್ರದ ಹಿರಿಯರೇ, ನಿಮ್ಮ ಪಕ್ಕದಲ್ಲಿ ಹತ್ತು ವರುಷಗಳಿಂದ ತಾಳ ಎಣಿಸುತ್ತಲೇ ಕುಳಿತವರು ಯಾರಾದರೂ ಇದ್ದಾರೆಯೇ?

ಇದ್ದರೆ ಈ ಭಾನುವಾರ ಒಂದು ಸಣ್ಣ ಕೆಲಸ ಮಾಡಿ. ರೋಗಿಯ ಮಂಚದ ಬಳಿ ನೀವು ಕುಳಿತು, ಆ ಸೊಸೆಯನ್ನು ಬಲಿಪೂಜೆಗೆ ಕಳುಹಿಸಿ. ಅಕ್ಕನನ್ನು ಊಟಕ್ಕೆ ಕರೆದು, ಬಡಿಸುವ ಕೆಲಸ ಕೊಡದೆ, ಆಕೆ ಹೇಳುವುದನ್ನು ಕೊನೆಯವರೆಗೂ ಕೇಳಿ. ಎರಡನೆಯ ಕುರ್ಚಿಯಲ್ಲಿರುವವರೇ, ನೀವೂ ಸ್ವರವನ್ನು ನುಂಗಿಕೊಳ್ಳಬೇಡಿ. ಆಯಾಸವಾದಾಗ ‘ಆಯಾಸವಾಗಿದೆ’ ಎಂದು ಬಾಯಿಬಿಟ್ಟು ಹೇಳುವುದು ದೀನತೆಗೆ ಕುಂದಲ್ಲ.

ಒಬ್ಬರ ಉಸಿರನ್ನು ಒಬ್ಬರು ಆಲಿಸುವ ಕೃಪೆಯನ್ನು ಪ್ರಭು ನಮ್ಮ ಕುಟುಂಬಗಳಿಗೆ ದಯಪಾಲಿಸಲಿ.