ಪ್ರತಿಕೃತಿಯೂ ಪ್ರಾಮಾಣಿಕತೆಯೂ

ದೊಡ್ಡದನ್ನು ಕಿರಿದಾಗಿ ಮಾಡಿ ಅಂಗೈಯಲ್ಲಿಟ್ಟುಕೊಂಡು ನೋಡಬೇಕೆಂಬ ಆಸೆಯು ಮನುಷ್ಯನಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಒಕ್ಕಲಿಗರ ಮನೆಗಳಲ್ಲಿ ಜ್ಯೇಷ್ಠದ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳ ಜೋಡಿಯನ್ನು ಮಾಡಿ, ಮುಂದೆ ಮಣ್ಣಿನದೇ ಗೋದಲಿಯನ್ನಿಟ್ಟು ಪೂಜಿಸುವರು. ಹೊಲ ಕಾಯುವ ಹುಡುಗರು ಜೋಳದ ದಂಟಿನ ಸಿಬಿರು ಬೆಂಡುಗಳಿಂದ ಚಕ್ಕಡಿಯನ್ನು ಕಟ್ಟುವರು. ಬಾಳಿಗೆ ಆಧಾರವಾದುದು ಯಾವದೋ ಅದನ್ನೇ ಕೈಯು ಕಿರಿದಾಗಿಸ ಬಯಸುತ್ತದೆ. ಹಾವೇರಿ ರಾಣೆಬೆನ್ನೂರುಗಳ ನಡುವೆ ಹೆದ್ದಾರಿಯ ಮೇಲಿರುವ ಮೋಟೆಬೆನ್ನೂರಿನಲ್ಲಿ ಇಂದು ಹಗಲಿರುಳೂ ಕಣ್ಣೆದುರಿಗೆ ಓಡುವದು ಮೋಟಾರು ಗಾಡಿ; ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಹೋಗುವದೂ ಮೋಟಾರಿನ ಮೇಲೆಯೇ. ಆದುದರಿಂದ ಇಂದಿನ ಕೈಯು ಚಕ್ಕಡಿಯನ್ನು ಬಿಟ್ಟು ಕಾರನ್ನು ಕಿರಿದಾಗಿಸ ಹೊರಟರೆ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಕಿರುಗಾರುಗಳನ್ನು ಜೋಡಿಸುವದು ಈಗ ಲೋಕದಲ್ಲೆಲ್ಲ ಹರಡಿರುವ ಒಂದು ಹವ್ಯಾಸವಾಗಿದೆ. ಇದಕ್ಕೆ ಅಳತೆಯ ಕಟ್ಟುಂಟು. ಮೂಲದ ಒಂದು ಅಡಿಗೆ ಅರ್ಧ ಅಂಗುಲವೆಂದರೆ ಇಪ್ಪತ್ನಾಲ್ಕರಲ್ಲೊಂದು ಪಾಲು. ಆಟಿಗೆಯ ರೈಲುಗಳಿಂದ ಬಂದ, ಅಡಿಗೆ ಏಳು ಮಿಲಿಮೀಟರಿನ ಲೆಕ್ಕವು ಹೆಚ್ಚು ಕಡಿಮೆ ನಾಲ್ವತ್ತಮೂರರಲ್ಲೊಂದು ಪಾಲು. ಸುಮಾರು ೪.೩ ಮೀಟರ್ ಉದ್ದದ ಅಂಬಾಸಡರ್ ಕಾರು ಮೊದಲನೆಯ ಅಳತೆಯಲ್ಲಿ ೧೮ ಸೆಂಟಿಮೀಟರೂ ಎರಡನೆಯದರಲ್ಲಿ ೧೦ ಸೆಂಟಿಮೀಟರೂ ಆಗುವದು. ಬಿಡಿಭಾಗಗಳನ್ನು ಉಪ್ಪುಕಾಗದದಿಂದ ಉಜ್ಜಿ, ಅಡಿಬಣ್ಣ ಬಳಿದು, ಒಂದರ ಮೇಲೊಂದು ತೆಳುವಾದ ಲೇಪಗಳನ್ನು ಕೊಟ್ಟು, ಎಳೆಯಂಥ ತಾಮ್ರದ ತಂತಿಯಿಂದ ಯಂತ್ರದ ನರಗಳನ್ನು ಹೂಡುವರು. ಇಷ್ಟಕ್ಕೆ ತೃಪ್ತಿಯಾಗದವರು ಗಾಲಿಗಳನ್ನು ಬದಲಿಸಿ, ಮುಚ್ಚಿದ ಬಾಗಿಲನ್ನು ಕೊಯ್ದು ತೆರೆಯುವಂತೆ ಮಾಡಿ, ಮೂಲದಲ್ಲಿಲ್ಲದ ಬಣ್ಣವನ್ನು ಹಚ್ಚಿ, ಅದನ್ನು ತಮ್ಮದನ್ನಾಗಿ ಮಾಡಿಕೊಳ್ಳುವರು.

ಬೆಳೆದವನಿಗೆ ಇದು ತಕ್ಕದ್ದೇ ಎಂದು ಮನೆಯ ಹಿರಿಯರು ಕೇಳುವದು ಸಹಜವಾಗಿದೆ. ಓಡದ ಗಾಡಿಗೆ ತಿಂಗಳುಗಟ್ಟಲೆ ಸಂಜೆಗಳನ್ನು ಸುರಿಯುವದು ಹೊತ್ತಿನ ಹಾಳಲ್ಲವೇ? ಉಪಯೋಗವನ್ನು ತೋರಿಸಿ ಇದಕ್ಕೆ ಉತ್ತರ ಕೊಡಬಹುದು. ಅಮೇರಿಕೆಯಲ್ಲಿ ಜನರಲ್ ಮೋಟರ್ಸಿಗೆ ಸೇರಿದ ಫಿಶರ್ ಬಾಡಿ ಸಂಸ್ಥೆಯು ೧೯೩೦ರಿಂದ ೧೯೬೮ರ ವರೆಗೆ ಹುಡುಗರಿಗಾಗಿ ಇಂಥ ಪ್ರತಿಕೃತಿಗಳ ಸ್ಪರ್ಧೆಯನ್ನು ನಡೆಸಿ, ಗೆದ್ದವರಿಗೆ ವಿದ್ಯಾರ್ಥಿವೇತನಗಳನ್ನು ಕೊಟ್ಟಿತು. ಅವರಲ್ಲಿ ಕೆಲವರು ಮುಂದೆ ನಿಜವಾದ ಕಾರುಗಳ ರೂಪವನ್ನು ಕಲ್ಪಿಸುವವರಾದರು. ಆದರೆ ಲಾಭವನ್ನು ತೋರಿಸಿ ಆಟವನ್ನು ಸಮರ್ಥಿಸಿದರೆ, ಲಾಭವಿಲ್ಲದ ಕಡೆ ಅದನ್ನು ಕೈಬಿಡಬೇಕಾದೀತು. ಉತ್ತರವನ್ನು ಇನ್ನೂ ಒಳಗೆ ಹುಡುಕಬೇಕು.

ಇಪ್ಪತ್ತು ವರುಷ ಒಂದೇ ಕಾರಿನಲ್ಲಿ ಕೂತು ತಿರುಗಿದವನನ್ನು ಅದರ ಹಿಂದಿನ ದೀಪದ ಆಕಾರವೆಂಥದೆಂದು ಕೇಳಿದರೆ ಆತನು ತಡವರಿಸುವನು. ಆ ದೀಪವನ್ನು ಉಗುರಿನಷ್ಟಾಗಿ ಕೊರೆಯಬೇಕಾದವನು ಮೂರು ಸಂಜೆಗಳಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡಿರುವನು. ಬಳಸುವವನಿಗೆ ವಸ್ತುವು ದಾರಿಯಾಗಿ ಮರೆಯಾಗುತ್ತದೆ; ಮಾಡುವವನಿಗೆ ಅದು ಎದುರು ನಿಲ್ಲುತ್ತದೆ. ತಗಡನ್ನು ಹೀಗೇಕೆ ಬಾಗಿಸಿದರು, ಈ ಅಂಚೇಕೆ ಇಲ್ಲಿ ಬಂತು, ಎಂದು ಕೇಳುತ್ತ ಹೋದಂತೆ, ಹೆಸರು ತಿಳಿಯದ ಕೆಲಸಗಾರರ ಬುದ್ಧಿಗೆ ಅವನ ಮನಸ್ಸು ಬಾಗುವದು. ೧೯೩೦ರಲ್ಲಿ ದಾಂಡಿಯ ವರೆಗೆ ನಡೆದ ಮೈಲಾರ ಮಹಾದೇವಪ್ಪನವರ ಹುಟ್ಟೂರು ಮೋಟೆಬೆನ್ನೂರು. ಕೈದುಡಿಮೆಯ ಬೆಲೆಯು ಅದರಿಂದ ಹುಟ್ಟಿದ ನೂಲಿನ ಬೆಲೆಗಿಂತ ದೊಡ್ಡದೆಂಬ ಮಾತನ್ನು ಆ ಊರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನು ಕಠಿಣವಾದ ಪ್ರಶ್ನೆ: ಪ್ರತಿಕೃತಿಯು ಮೂಲಕ್ಕೆ ಎಷ್ಟರ ಮಟ್ಟಿಗೆ ನಿಷ್ಠವಾಗಿರಬೇಕು? ಪೂರ್ಣ ನಿಷ್ಠೆಯೇ ಧರ್ಮವೆಂದು ಹೇಳುವದು ಸುಲಭ, ನಡೆಸುವದು ಅಶಕ್ಯ. ಕಾರಿನ ತಗಡಿನ ದಪ್ಪವು ಸುಮಾರು ೦.೮ ಮಿಲಿಮೀಟರ್. ಅದನ್ನು ಇಪ್ಪತ್ನಾಲ್ಕು ಪಾಲು ಮಾಡಿದರೆ ಬರೆಯುವ ಕಾಗದಕ್ಕಿಂತಲೂ ತೆಳುವಾದೀತು, ಮುಟ್ಟಿದರೆ ಮುದುಡೀತು. ಕಿರುಗಾರಿಗೆ ಬಳಿದ ಬಣ್ಣವು ಮಿಲಿಮೀಟರಿನ ಹತ್ತನೆಯ ಒಂದಂಶವಿದ್ದರೂ ಮೂಲದ ಲೆಕ್ಕದಲ್ಲಿ ಎರಡು ಮಿಲಿಮೀಟರಿಗೆ ಮೀರಿದ ಪದರವಾಗುವದು. ಉದ್ದವು ಇಪ್ಪತ್ನಾಲ್ಕು ಪಾಲು ಕುಗ್ಗಿದಾಗ ತೂಕವು ೧೩,೮೨೪ ಪಾಲು ಕುಗ್ಗಬೇಕು; ಎಂದರೆ ೬೫೦ ಕಿಲೋ ತೂಗುವ ಕಾರಿನ ಪ್ರತಿಕೃತಿಯು ೪೭ ಗ್ರಾಂ ಮಾತ್ರ ತೂಗಬೇಕು. ಹೀಗಿರಲು, ಎಲ್ಲಿ ದಪ್ಪವನ್ನು ಉಳಿಸಬೇಕು, ಯಾವ ಗೆರೆಯನ್ನು ಬಿಡಬೇಕು, ಯಾವದನ್ನು ತುಸು ಹೆಚ್ಚಿಸಿ ತೋರಿಸಬೇಕು ಎಂಬದನ್ನು ಮಾಡುವವನ ವಿವೇಕವೇ ನಿರ್ಣಯಿಸಬೇಕಾಗುವದು. ಅಳತೆಗೋಲು ಕೊನೆಗೊಂಡಲ್ಲಿ ಅಂತಃಕರಣವು ಕೆಲಸಕ್ಕೆ ತೊಡಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಅಂಬಾಸಡರ್ ಕಾರುಗಳ ತಯಾರಿಕೆಯು ೨೦೧೪ರಲ್ಲಿ ನಿಂತುಹೋಯಿತು. ಅಂಥದೊಂದು ಕಾರನ್ನು ಬಾಡಿಗೆಗೆ ಓಡಿಸಿ ಸಂಸಾರವನ್ನು ಸಾಕಿದ ತಂದೆಯು ತೀರಿಕೊಂಡಿರುವನು; ಕಾರೂ ಗುಜರಿಗೆ ಹೋಗಿರುವದು. ಮಗನು ಅದರ ಪ್ರತಿಕೃತಿಯನ್ನು ಮಾಡ ಕೂಡುವನು. ಎಡಬಾಗಿಲಿನ ತಗ್ಗನ್ನೂ, ಗಾಲಿಯ ಮೇಲಿನ ತುಕ್ಕನ್ನೂ, ಬಿಸಿಲಿಗೆ ಮಾಸಿದ ಬಣ್ಣವನ್ನೂ ಅದರಲ್ಲಿ ತರಬೇಕೋ ಬೇಡವೋ? ಕಾರ್ಖಾನೆಯಿಂದ ಹೊರಬಿದ್ದ ದಿನದ ಹೊಳಪನ್ನು ಕೊಟ್ಟರೆ ನಕ್ಷೆಗೆ ನಿಷ್ಠೆ. ತಗ್ಗು ತುಕ್ಕುಗಳನ್ನು ತಂದರೆ ಬಾಳಿಗೆ ನಿಷ್ಠೆ. ತಂದೆಯು ಯಾವಾಗಲೂ ಬಯಸಿ ಕೊಳ್ಳಲಾರದೆ ಹೋದ ಹೊಸ ಗಾಲಿಗಳನ್ನು ಹಾಕಿದರೆ ಅದು ಆತನ ಆಸೆಗೆ ನಿಷ್ಠೆ. ಮೂರೂ ಸತ್ಯದ ಮುಖಗಳೇ. ಸುಳ್ಳು ಹುಟ್ಟುವದು ಒಂದನ್ನು ಮತ್ತೊಂದೆಂದು ಹೇಳಿದಾಗ ಮಾತ್ರ: ತಿದ್ದಿದ್ದನ್ನು ಮೂಲವೆಂದು ಮಾರಿದಾಗ, ಕೊಂಡು ತಂದುದನ್ನು ತಾನೇ ಮಾಡಿದೆನೆಂದು ಅತಿಥಿಗಳಿಗೆ ತೋರಿಸಿದಾಗ. ಆದುದರಿಂದ ಮಾರ್ಪಾಟು ದೋಷವೆನಿಸಲಾರದು. ಮಾರ್ಪಾಟನ್ನು ಮರೆಮಾಚುವದು ದೋಷ. ಹವ್ಯಾಸಕ್ಕೂ ಇಂಥದೊಂದು ನ್ಯಾಯವಿರದಿದ್ದರೆ ಅದು ಬರಿಯ ಬೊಂಬೆಯ ವ್ಯಾಪಾರವಾದೀತು.

ಕಡೆಯದಾಗಿ, ಸಂಗ್ರಹದ ಮೋಹ. ಮಾಡುವ ಸುಖಕ್ಕೆ ತೊಡಗಿದವನು ಬರಬರುತ್ತ ಕೊಳ್ಳುವ ಚಪಲಕ್ಕೆ ಬೀಳುವದುಂಟು. ತೆರೆಯದ ಪೆಟ್ಟಿಗೆಗಳು ಕಪಾಟಿನಲ್ಲಿ ಏರುತ್ತವೆ; ಬೆಲೆಯೇರುವದೆಂಬ ಆಸೆಯಿಂದ ಅವುಗಳ ಮುದ್ರೆಯನ್ನೂ ಒಡೆಯುವದಿಲ್ಲ. ಮನೆಯ ಮಕ್ಕಳು ಗಾಜಿನಾಚೆಯಿಂದ ನೋಡಿ, ಮುಟ್ಟಬೇಡವೆಂಬ ಮಾತನ್ನು ಕೇಳಿ ಹಿಂದಿರುಗುವರು. ಅಲ್ಲಿಗೆ ಆಟಿಗೆಯಲ್ಲಿ ಆಟವೂ ಉಳಿಯಲಿಲ್ಲ, ಪ್ರತಿಕೃತಿಯಲ್ಲಿ ಅರಿವೂ ಉಳಿಯಲಿಲ್ಲ. ದೊಡ್ಡ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಬೀಗುವ ಧನಿಕನ ಗರ್ವವೇ ಅಳತೆ ಕುಗ್ಗಿ ಕಪಾಟಿನೊಳಗೆ ಬಂದು ಕೂತಿರುವದು. ವಸ್ತುವು ಕಿರಿದಾದ ಮಾತ್ರಕ್ಕೆ ಲೋಭವು ಕಿರಿದಾಗುವದಿಲ್ಲ.

ಈ ಕಡೆಯಲ್ಲಿ ಮಣ್ಣೆತ್ತು ಕಲಿಸತಕ್ಕ ಪಾಠವೊಂದುಂಟು. ಅದನ್ನು ಶ್ರದ್ಧೆಯಿಂದ ತಿದ್ದುವರು, ಕೋಡು ಹಿಣಿಲುಗಳ ಬಾಗನ್ನು ಮನೆಯ ಎತ್ತಿಗೆ ಹೋಲಿಸುವರು, ಎಡೆ ಹಿಡಿಯುವರು. ಆಮೇಲೆ ನೀರಿಗೆ ಬಿಡುವರು. ಮುಂದಿನ ವರುಷ ಮತ್ತೆ ಮಾಡಲು ಮಣ್ಣೂ ಇದೆ, ಕೈಯೂ ಇದೆ. ಕಿರುಗಾರನ್ನು ಕೆರೆಗೆ ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಮುಗಿದ ಕೆಲಸವನ್ನು ನೆರೆಮನೆಯ ಹುಡುಗನ ಅಂಗೈಯಲ್ಲಿಟ್ಟು, ಅದರ ಚಕ್ರವು ತಿರುಗುವ ಬಗೆಯನ್ನು ಅವನಿಗೆ ತೋರಿಸುವ ಔದಾರ್ಯವು ಮಾಡಿದವನಲ್ಲಿರಬೇಕು. ಗಾಡಿಯು ಮುರಿದರೂ ಅದನ್ನು ಮಾಡುವಾಗ ಬಂದ ಕಣ್ಣು ಅವನಲ್ಲಿಯೇ ಉಳಿಯುವದು. ಆ ಕಣ್ಣು ಹುಡುಗನಿಗೂ ಬಂದರೆ ಹವ್ಯಾಸವು ಸಾರ್ಥಕವಾಯಿತೆನ್ನಬಹುದು.